ಹಿಂದೆ ಯಾರ್ ಕೂತ್ಕೋತಾರೆ?

ಗಫೂರ್ ಭಾಯ್ ಕಾರಿನ ಚಕ್ರ ನೋಡುವ ಮೊದಲು ಹಿಂದಿನ ಬಾಗಿಲು ತೆಗೆದು ಸೀಟು ನೋಡುತ್ತಿದ್ದರು. ಚಕ್ರ ಮಾರುವವರಿಗೆ ಸೀಟಿನಲ್ಲೇನು ಕೆಲಸ ಎಂದು ಹೊಸಬರು ಯೋಚಿಸುವಷ್ಟರಲ್ಲಿ ಪ್ರಶ್ನೆ ಬಂದುಬಿಡುತ್ತಿತ್ತು: “ಹಿಂದೆ ಯಾರ್ ಕೂತ್ಕೋತಾರೆ?”

ಶಿವಾಜಿನಗರದಲ್ಲಿ, ಎರಡು ಕಾರು ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದ ಓಣಿಯಲ್ಲಿ ಅವರ ಅಂಗಡಿ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಭಾಯ್ ಮಗಳ ಮನೆ ಸೇರಿದರು ಎನ್ನುತ್ತಾರೆ, ಯಾವ ಊರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎರಡು ಸಾವಿರ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ಅಲ್ಲಿ ಗೋಡೆ ತುಂಬ ಅಲಾಯ್ ಚಕ್ರಗಳು ಹೊಳೆಯುತ್ತಿದ್ದವು. ಭಾಯ್ ಬಿಳಿ ಜುಬ್ಬಾ ತೊಟ್ಟೇ ಕೆಲಸ ಮಾಡುತ್ತಿದ್ದರು. ಅದರ ಮೇಲೆ ಒಂದು ದಿನವೂ ಗ್ರೀಸಿನ ಕಲೆ ಕಂಡವನಲ್ಲ ನಾನು. ಆಫೀಸಿನಲ್ಲಿ ಕೂತು ಕಾಲರ್ ಕೊಳೆ ಮಾಡಿಕೊಳ್ಳುವವನು ನಾನು.

ಅವರ ಅಳತೆಗೋಲು ಬಲಗೈಯ ಎರಡು ಬೆರಳು. ಎದುರಿನ ಟೈಲರನ್ನೂ ಚಹಾದವರನ್ನೂ ಕೂಗಿ ಕರೆದು ಕಾರಿನ ಹಿಂದೆ ಕೂರಿಸುತ್ತಿದ್ದರು. ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು, ಇದೂ ತನ್ನ ಕಸುಬೇ ಎನ್ನುವ ಗಾಂಭೀರ್ಯದಿಂದ ಕೂರುತ್ತಿದ್ದರು. ಭಾರಕ್ಕೆ ಕಾರು ತಗ್ಗಿದ ಮೇಲೆ ಟೈರಿಗೂ ಬಾಡಿಗೂ ನಡುವೆ ಭಾಯ್ ಬೆರಳು ತೂರಿಸುತ್ತಿದ್ದರು. ಎರಡು ಬೆರಳು ಹಿಡಿಸದಿದ್ದರೆ ಆ ಸೈಜು ನಿಮಗಿಲ್ಲ. ಸಿಟ್ಟಾಗಿ ಬೇರೆ ಅಂಗಡಿಗೆ ಹೋದವರನ್ನು ಅವರು ಹಿಂದಕ್ಕೆ ಕರೆದದ್ದಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಸೆಡಾನ್. ಮೂತಿ ಚೂಪು, ಡಿಕ್ಕಿಯ ಮೇಲೆ ರೆಕ್ಕೆ, ಚಕ್ರ ಮಾತ್ರ ಹದಿನಾಲ್ಕು ಇಂಚು. ಇಂದಿರಾನಗರದ ಆಫೀಸಿನ ಗೆಳೆಯ ಒಬ್ಬ, “ಮಗಾ, ಗಾಡಿ ಸೂಪರ್, ಚಕ್ರ ಮಾತ್ರ ಮಕ್ಕಳ ಸೈಕಲ್ದು ಕಣೋ” ಅಂದಿದ್ದ. ಆ ಒಂದು ಮಾತು ವಾರಗಟ್ಟಲೆ ತಲೆ ತಿಂದಿತು. ಹದಿನಾರು ಇಂಚಿನದೇ ಬೇಕು ಎಂದು ಹಟ ಹಿಡಿದು ಹೋದೆ.

ಹಿಂದಿನ ಸೀಟಿನಲ್ಲಿ ಕೂರುತ್ತಿದ್ದದ್ದು ನನ್ನ ಅಕ್ಕ. ಅವ್ವ ಹೋದ ಮೇಲೆ ಗದಗಿನಲ್ಲಿ ಮೇಷ್ಟ್ರಿಕೆ ಮಾಡಿ ನನ್ನನ್ನು ಸಾಕಿದವಳು. ನಿವೃತ್ತಿಯ ಹೊತ್ತಿಗೆ ಬೆನ್ನುಮೂಳೆ ಕೈಕೊಟ್ಟು, ಹೊರಮಾವಿನ ನನ್ನ ಮನೆಗೆ ಬಂದಿದ್ದಳು. ವಾರಕ್ಕೆರಡು ಸಲ ಕಂಟೋನ್ಮೆಂಟಿನ ಆಸ್ಪತ್ರೆಗೆ ಬೆನ್ನಿನ ವ್ಯಾಯಾಮಕ್ಕೆ ಕರೆದೊಯ್ಯಬೇಕು. ಅಕ್ಕನಿಗಾಗಿಯೇ ಕಾರು ತಗೊಂಡೆ ಎಂದು ಊರೆಲ್ಲ ಹೇಳಿಕೊಂಡವನೂ ನಾನೇ.

ಭಾಯ್ ಸೀಟು ನೋಡಿದರು, ಕೇಳಿದರು. ಅಕ್ಕನ ಹೆಸರೆತ್ತಿದರೆ ಹದಿನಾರು ಸಿಗುವುದಿಲ್ಲ ಎಂದು ಅವರ ಬಗ್ಗೆ ಕೇಳಿದ್ದ ನನಗೆ ಗೊತ್ತಿತ್ತು.

“ಯಾರೂ ಇಲ್ಲ ಭಾಯ್. ನಾನೊಬ್ನೇ.”

ಅವರು ಸೀಟನ್ನು ಇನ್ನೊಮ್ಮೆ ನೋಡಿ, ಪಾಠದಂತೆ ಒಂದು ಮಾತು ಹೇಳಿದರು: “ಚಕ್ರದ ಪೂರಾ ಎತ್ತರ ಅಷ್ಟೇ ಇರ್ಬೇಕು ಸಾರ್. ರಿಮ್ ದೊಡ್ಡದಾದ್ರೆ ರಬ್ಬರ್ ತೆಳ್ಳಗಾಗುತ್ತೆ. ಹಳ್ಳದ ಏಟು ರಬ್ಬರ್ ತಿನ್ಲಿಲ್ಲ ಅಂದ್ರೆ ಹಿಂದೆ ಕೂತೋರು ತಿನ್ತಾರೆ.” ಟೈಲರನ್ನು ಕರೆಯದೆಯೇ ಹದಿನಾರು ಹಾಕಿಕೊಟ್ಟರು. ಆಫೀಸಿನಲ್ಲಿ ಎಲ್ಲರೂ ಕೆಳಗಿಳಿದು ಬಂದು ನೋಡಿದರು. ಆ ಸಂತೋಷ ಎರಡು ದಿನ ಇತ್ತು.

ಹೊರಮಾವಿನ ರೈಲ್ವೆ ಗೇಟು ದಾಟುವಾಗ ಒಂದೊಂದು ಹಳಿಯೂ ನನ್ನ ಸೊಂಟಕ್ಕೇ ತಾಗಿತು, ಅಕ್ಕನಿಗೆ ಏನಾಗಿರಬೇಕು? ಕನ್ನಡಿಯಲ್ಲಿ ನೋಡಿದೆ. ಸೀಟಿನಲ್ಲೇ ಇಟ್ಟಿರುತ್ತಿದ್ದ ದಿಂಬನ್ನು ಬೆನ್ನಿಗೆ ಒತ್ತಿಕೊಂಡು, ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. ಮೂರನೆಯ ಸಲ ಮನೆಗೆ ಬಂದಿಳಿದ ಮೇಲೆ ಅಂದಳು: “ತಮ್ಮಾ, ಇನ್ಮ್ಯಾಲೆ ನಾ ಆಟೋದಾಗ ಹೋಗ್ತೀನಿ. ಸುಮ್ನ ನಿನಗ ಆಫೀಸಿಗೆ ತಡಾ ಆಗ್ತದ.”

ಬೆಂಗಳೂರಿನ ಆಟೋ ನನ್ನ ಕಾರಿಗಿಂತ ವಾಸಿ ಎನ್ನುವುದನ್ನು ಅವಳು ನನ್ನ ಆಫೀಸಿನ ಮೇಲೆ ಹಾಕಿ ಹೇಳಿದ್ದಳು. ನನಗೆ ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ಮರುದಿನವೇ ಶಿವಾಜಿನಗರಕ್ಕೆ ಹೋದೆ. ನನ್ನ ಹಳೆಯ ಚಕ್ರಗಳು ಅಟ್ಟದ ಮೇಲೆ, ಸೀಮೆಸುಣ್ಣದಲ್ಲಿ ನನ್ನ ಕಾರಿನ ನಂಬರು ಬರೆಸಿಕೊಂಡು ಕೂತಿದ್ದವು.

“ಸೀಟಲ್ಲಿ ದಿಂಬು ನೋಡ್ದೆ ಸಾರ್” ಅಂದರು ಭಾಯ್. “ಗಾಡಿ ಓಡಿಸೋನು ದಿಂಬನ್ನ ಹಿಂದೆ ಯಾಕೆ ಇಟ್ಕೋತಾನೆ?”

ಗೊತ್ತಿದ್ದೂ ಯಾಕೆ ಹಾಕಿದಿರಿ ಎಂದೆ.

“ಕಾರೂ ನಿಮ್ದು, ಸುಳ್ಳೂ ನಿಮ್ದು. ನಾನೇನ್ ಮಾಡ್ಲಿ?”

ಆದರೆ ಹಳೆಯ ಚಕ್ರ ಹಾಕಲು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕೂರುವವರನ್ನೇ ಕರೆತನ್ನಿ ಎಂದು ವಾಪಸು ಕಳಿಸಿದರು. ಅಕ್ಕ ಬಂದಳು. ಚಕ್ರ ಬದಲಾಯಿಸಿ, ಅವಳನ್ನು ಹಿಂದೆ ಕೂರಿಸಿಕೊಂಡು, ಓಣಿಯ ಮೋರಿ ಚಪ್ಪಡಿಯ ಮೇಲೆ ತಾವೇ ಕಾರು ಹಾಯಿಸಿದರು. ಇಳಿದು ಹಿಂದಿನ ಚಕ್ರಗಳ ಗಾಳಿ ಕೊಂಚ ಬಿಟ್ಟರು. ಮತ್ತೆ ಹಾಯಿಸಿದರು. “ಆಪಾ, ಬೆನ್ನು ಏನ್ ಹೇಳುತ್ತೆ?” ಎಂದು ತಮ್ಮದೇ ಅಕ್ಕನನ್ನು ಕೇಳುವಂತೆ ಪ್ರತಿ ಸಲವೂ ಕೇಳಿದರು. ಎರಡು ಪಾಯಿಂಟ್ ಇಳಿಸಿದಾಗ ಅಕ್ಕ, “ಈಗ ಬರೋಬ್ಬರಿ ಅದ ನೋಡ್ರಿ” ಅಂದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಗಾಳಿ ತುಂಬಿಸುವುದಕ್ಕೆ ಅಕ್ಕನಿಗೆ ಬೇರೆ ಅಂಗಡಿ ಆಗುತ್ತಿರಲಿಲ್ಲ. ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಹೊರಡುತ್ತಿದ್ದಳು. ನಾನು ಓಣಿಯಲ್ಲಿ ಕಾರು ಹಿಂದೆ ಮುಂದೆ ಮಾಡುತ್ತ ಬೆವರುವಾಗ ಅವರಿಬ್ಬರೂ ಮೊಣಕಾಲು ನೋವಿನ ಎಣ್ಣೆಗಳ ಬಗ್ಗೆ ಮಾತಾಡುತ್ತಿದ್ದರು.

ಐದು ವರ್ಷದ ಮೇಲೆ ಅಕ್ಕ ಹೋದಳು. ಬೆನ್ನಿನಿಂದಲ್ಲ, ಜ್ವರದಿಂದ. ಎಷ್ಟೋ ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಸುದ್ದಿ ಹೇಳುವ ತ್ರಾಣ ಇರಲಿಲ್ಲ. ಟೈರು ಪೂರ್ತಿ ಸವೆದ ಮೇಲೆ ಬೇರೆ ದಾರಿಯಿಲ್ಲದೆ ಹೋದೆ. ಭಾಯ್‌ಗೆ ವಯಸ್ಸಾಗಿತ್ತು, ಜುಬ್ಬಾ ಅಷ್ಟೇ ಬೆಳ್ಳಗಿತ್ತು. ಹಿಂದಿನ ಬಾಗಿಲು ತೆಗೆದರು. ದಿಂಬು ಅಲ್ಲೇ ಇತ್ತು.

“ಆಪಾ ಬರ್ಲಿಲ್ವಾ? ಹಿಂದೆ ಯಾರ್ ಕೂತ್ಕೋತಾರೆ ಹಂಗಾದ್ರೆ?”

“ಯಾರೂ ಇಲ್ಲ ಭಾಯ್.”

ಅವರು ದಿಂಬು ನೋಡಿದರು, ನನ್ನ ಮುಖ ನೋಡಿದರು. ತುಂಬ ಮೆಲ್ಲಗೆ ಕೇಳಿದರು: “ಈ ಸಲ ನಿಜಾನಾ ಸಾರ್?”

ಹೌದೆಂದು ತಲೆಯಾಡಿಸಿದೆ. ಅವರು ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. ಅದೇ ಹದಿನಾಲ್ಕರ ಹೊಸ ಟೈರು ಹಾಕಿ ಮುಂದಿನ ಎರಡಕ್ಕೆ ಪೂರ್ತಿ ಗಾಳಿ ತುಂಬಿದರು. ಹಿಂದಿನ ಎರಡಕ್ಕೆ, ನನ್ನನ್ನು ಕೇಳದೆ, ಎರಡು ಪಾಯಿಂಟ್ ಕಮ್ಮಿ ತುಂಬಿದರು.