ಮಗ ಕಳಿಸಿದ್ದು

ಆಚೆ ಮನೆಯ ಉಮ್ಮ ಕುಳಿತರೂ ಎದ್ದರೂ ಸೊಂಟದಿಂದ ಪರಪರ ಸದ್ದು ಬರುತ್ತಿತ್ತು. ಬೆಳ್ಳಿಯ ಪಟ್ಟಿಯೊಳಗೆ, ಬೇರೆಯವರು ಎಲೆಯಡಿಕೆ ಸಿಕ್ಕಿಸುವ ಜಾಗದಲ್ಲಿ, ಅವರು ಗಂಟುನೋವಿನ ಮಾತ್ರೆಯ ಸ್ಟ್ರಿಪ್ ಸಿಕ್ಕಿಸಿಕೊಂಡಿರುತ್ತಿದ್ದರು. ದುಬೈಯಿಂದ ಮಗ ಕಳಿಸಿದ್ದು. ಬಂಟ್ವಾಳದ ನಮ್ಮ ಓಣಿಯ ಮೊಣಕಾಲುಗಳೆಲ್ಲ ಅವರ ಉಸ್ತುವಾರಿಯಲ್ಲೇ ಇದ್ದವು. ನಾನು ಶಾಲೆಯಿಂದ ಕುಂಟುತ್ತ ಬರುವುದನ್ನು ಕಂಡರೆ ಸಾಕು, ಗೇಟಿನ ಹತ್ತಿರ ಬಂದು ಕೈ ಚಾಚುತ್ತಿದ್ದರು.

“ಇದು ತಿನ್ನಿ ಟೀಚರೇ. ಇಲ್ಲಿನ ಕಮ್ಮಿ ರೇಟಿನದ್ದರಲ್ಲಿ ಎಂತ ಉಂಟು? ಬರೀ ಸುಣ್ಣ.”

ಬೇಡ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಇಸಿದುಕೊಳ್ಳುತ್ತಿದ್ದೆ, ಒಮ್ಮೊಮ್ಮೆ ತಿಂದದ್ದೂ ಉಂಟು. ಕೊಡುವುದೆಂದರೆ ಅವರಿಗೆ ಅಷ್ಟು ಖುಷಿ. ಯಾರಿಗೆ ಜ್ವರ ಬಂದರೂ ಅವರ ಮನೆಯಿಂದ ಎಳನೀರಿನ ಬೊಂಡ ಬರುತ್ತಿತ್ತು, ರಂಜಾನ್ ಬಂತೆಂದರೆ ಓಣಿಗೆಲ್ಲ ಖರ್ಜೂರ.

ಬಿಪಿ, ಶುಗರ್ ಎರಡೂ ಇದ್ದ ಅವರಿಗೆ ಕಾಲು ಊದತೊಡಗಿತು. ಕಿಡ್ನಿ ಸೋಲುತ್ತಿದೆ, ನೋವಿನ ಮಾತ್ರೆ ಮುಟ್ಟಲೇಬಾರದು ಎಂದರು ಡಾಕ್ಟರು. ಉಮ್ಮ ಅಂದೇ ಡಾಕ್ಟರು ಹಿಂದೆ ಬರೆದುಕೊಟ್ಟಿದ್ದ ನೋವಿನ ಮಾತ್ರೆಯನ್ನು ಎಸೆದರು. ಆದರೂ ಪ್ರತಿ ಸಲದ ರಿಪೋರ್ಟು ಕೆಡುತ್ತಲೇ ಹೋಯಿತು. ಸೊಸೆಗೆ ಕೈಗೂಸು ಇದ್ದುದರಿಂದ ಒಂದು ದಿನ ನಾನೇ ಜೊತೆಗೆ ಹೋದೆ.

“ನೋವಿನ ಮಾತ್ರೆ ನಿಲ್ಲಿಸಿದ್ದೀರಲ್ಲ?”

“ಅಲ್ಲಾಹನಾಣೆ, ನಿಲ್ಲಿಸಿದ್ದೇನೆ ಡಾಕ್ಟ್ರೇ.”

ಆಣೆ ಹಾಕಿ ಕುರ್ಚಿಯಿಂದ ಎದ್ದರು. ಪರಪರ ಎಂದಿತು.

“ಅದೆಂತ ಸದ್ದು?”

ಉಮ್ಮ ಸ್ವಲ್ಪವೂ ಅಳುಕದೆ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. “ಇದು ಮದ್ದಲ್ಲ. ಮಗ ಕಳಿಸಿದ್ದು.”

ಡಾಕ್ಟರು ಅದನ್ನು ತಿರುಗಿಸಿ ಓದಿದರು. ಬೈಯಲಿಲ್ಲ, ಅವರಿಗೂ ದಣಿವಾದಂತಿತ್ತು. “ಹೆಸರು ಬೇರೆ ಉಮ್ಮಾ, ಒಳಗಿರುವುದು ನಾನು ನಿಲ್ಲಿಸಿದ್ದೇ. ಬಿಪಿ, ಶುಗರಿನ ಜೊತೆ ಇದೂ ಸೇರಿ ಕಿಡ್ನಿಯನ್ನು ತಿಂದಿದೆ.”

ರಿಕ್ಷಾದಲ್ಲಿ ಪಾಣೆಮಂಗಳೂರಿನ ಸೇತುವೆ ದಾಟುವಾಗ ಉಮ್ಮ ನನ್ನ ಕೈ ಹಿಡಿದುಕೊಂಡರು. “ಅವನಿಗೆ ಹೇಳ್ಬೇಡಿ ಟೀಚರೇ. ತಾಯಿಗೆ ಅಂತ ತಂದದ್ದು. ಇದರಿಂದ ಹೀಗಾಯ್ತು ಅಂತ ಗೊತ್ತಾದ್ರೆ ಅವನು ಅಲ್ಲಿ ಹೇಗೆ ಇರ್ತಾನೆ?”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಡಯಾಲಿಸಿಸ್ ಶುರುವಾಯಿತು. ನೋಡಲು ಬಂದವರೆಲ್ಲ ಬೊಂಡ ತಂದರು. ಕಿಡ್ನಿ ಹೋದವರಿಗೆ ಬೊಂಡ, ಖರ್ಜೂರ, ಬಾಳೆಹಣ್ಣು ಆಗುವುದಿಲ್ಲ. ಊರಿಗೆಲ್ಲ ಹಂಚಿದವರಿಗೆ ತಮ್ಮದೇ ಒಂದು ಖರ್ಜೂರ ಬಾಯಿಗಿಡುವ ಹಾಗಿಲ್ಲ. ಬಂದ ಬೊಂಡವನ್ನು ಬಂದವರಿಗೇ ಕೆತ್ತಿಸಿ ಕೊಡುತ್ತಿದ್ದರು. “ನೀವು ಕುಡಿಯಿರಿ, ನಾನು ನೋಡ್ತೇನೆ” ಎನ್ನುತ್ತಿದ್ದರು. ಅವರ ಸೊಂಟದಿಂದ ಈಗ ಸದ್ದು ಬರುತ್ತಿರಲಿಲ್ಲ.

ಅವರು ತೀರಿಕೊಂಡಾಗ ಮಗ ವಿಮಾನ ಇಳಿಯುವ ಮೊದಲೇ ದಫನ ಮುಗಿದಿತ್ತು. ಕೆಲವು ದಿನಗಳ ಬಳಿಕ ಅವನು ಒಂದು ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಚೀಲದ ತುಂಬ ಅದೇ ಸ್ಟ್ರಿಪ್.

“ಉಮ್ಮನಿಗೆ ಇದು ಒಳ್ಳೆ ಹಿಡಿಸ್ತಿತ್ತಲ್ಲ ಟೀಚರೇ. ಅವರ ಹೆಸರಲ್ಲಿ ಗಂಟುನೋವಿನವರಿಗೆಲ್ಲ ಹಂಚುವ ಅಂತ.”

ನಾನು ಚೀಲಕ್ಕೆ ಕೈ ಚಾಚಿದೆ. “ಎಲ್ಲ ನನಗೇ ಕೊಡು ಮಾರಾಯ. ಬೇರೆ ಯಾರಿಗೂ ಬೇಡ. ನನ್ನ ಎರಡೂ ಮೊಣಕಾಲು ಹೋಗಿ ಆಗಿದೆ.”

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಟೀಚರಿಗೆ ಈ ವಯಸ್ಸಿನಲ್ಲಿ ಇಷ್ಟು ಆಸೆಯೇ ಎಂದುಕೊಂಡಿರಬೇಕು. ಆದರೂ ಚೀಲ ಕೊಟ್ಟ.

ಈಗಲೂ ಪ್ರತಿ ರಜೆಯಲ್ಲಿ ನೆನಪಿಟ್ಟು ತರುತ್ತಾನೆ. ನಾನೂ ಒಂದನ್ನೂ ಬಿಡದೆ ಇಸಿದುಕೊಳ್ಳುತ್ತೇನೆ. ಅವನು ಹೋದ ಮೇಲೆ ಎಲ್ಲವನ್ನೂ ಹಾಳುಮಾಡಿ ಕಸಕ್ಕೆ ಹಾಕಿ, ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತೇನೆ. ಸುಳ್ಳು ಹೇಳಿ ಹೇಳಿ ನನಗೂ ಸುಸ್ತಾಗಿದೆ.

ಮೊನ್ನೆ ಬಂದವನು ಗೇಟಿನಲ್ಲೇ ಕೇಳಿದ, “ಹಿಡಿಸ್ತದಾ ಟೀಚರೇ?”

“ಹಿಡಿಸ್ತದೆ ಮಗಾ” ಎಂದೆ. “ನಿನ್ನ ಉಮ್ಮನಿಗೆ ಹಿಡಿಸಿದ ಹಾಗೆ.”