ಸೋಮವಾರದ ಫಿಲ್ಮು
ಪೆನ್ಸಿಲ್ವೇನಿಯಾದ ಎಮಿಲ್ ಹ್ರಿಂಕೊ ಶನಿವಾರದ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ಗೂಳಿಯಂತೆ ನುಗ್ಗುತ್ತಾನೆ. ಸೋಮವಾರ ಬಂತೆಂದರೆ ಅವನ ಜೀವ ಬಾಯಿಗೆ ಬರುತ್ತದೆ. ಅಂದು ಕೋಚು ಕತ್ತಲೆ ಕೋಣೆಯಲ್ಲಿ ಪಂದ್ಯದ ಫಿಲ್ಮು ಓಡಿಸಿ, "ಹಿಂದಕ್ಕೆ ತಿರುಗ್ಸೋ, ಈ ದಂಡಪಿಂಡದ ಆಟ ಇನ್ನೊಂದ್ಸಲ ನೋಡೋಣ" ಎಂದು ಗುಡುಗುತ್ತಾನೆ. ಎಲ್ಲರೂ ಚೆಂಡು ನೋಡಿದರೆ ಎಮಿಲ್ ತೆರೆಯ ಮೇಲಿನ ತನ್ನ ಎಡ ಮೊಣಕಾಲನ್ನೇ ನೋಡುತ್ತಾನೆ. ಅದು ಕೆಟ್ಟಿದೆಯೆಂದು ಕೋಚಿಗೆ ಗೊತ್ತಾದರೆ, ಆಡುವುದಕ್ಕೆಂದೇ ಕಾಲೇಜು ಕೊಡುವ ಪುಕ್ಕಟೆ ಓದು, ಊಟ ಎರಡೂ ಹೋಗಿ ಅಪ್ಪನಂತೆ ಕಲ್ಲಿದ್ದಲ ಗಣಿಗೆ ಇಳಿಯಬೇಕು. ಮೆಟ್ಟಿಲು ಬಂದರೆ ಬೂಟಿನ ದಾರ ಕಟ್ಟುವ ನೆಪದಲ್ಲಿ ಎಲ್ಲರಿಗಿಂತ ಹಿಂದೆ ಉಳಿಯುತ್ತಾನೆ. ಮೊನ್ನೆ ತೆರೆಯ ಮೇಲಿನ ಎಮಿಲ್ ಬಿದ್ದೆದ್ದು ಕುಂಟತೊಡಗಿದ. ಅಷ್ಟರಲ್ಲಿ, ಅವನ ಜಾಗ ತನಗೆ ಸಿಕ್ಕೀತೆಂದು ಬೆಂಚಿನಲ್ಲೇ ಕಾದು ಸವೆದಿದ್ದ ಕ್ಲೆಟಸ್ ಎದ್ದು ಮೈಮುರಿದ. ಅವನ ನೆರಳು ತೆರೆಯನ್ನೇ ಮುಚ್ಚಿತು. "ಕೂತ್ಕೊಳೋ ಎಮ್ಮೆ!" ಎಂದು ಕೋಚು ಚೀರಿದ. "ಕಾಲು ಜೋಮು ಹಿಡೀತು ಸಾರ್," ಎಂದ ಕ್ಲೆಟಸ್, ಎಮಿಲ್‌ನತ್ತ ನೋಡದೆ.