ಗಾಜಿನ ಮೇಲೊಂದು ಇಂಟು ಮಾರ್ಕು

ನನ್ನ ಮೂರು ತಿಂಗಳ ಟ್ರಯಲ್ ಮುಗಿಯುವ ಶುಕ್ರವಾರ ಅದು. ಬಸವೇಶ್ವರನಗರದ ಒಂದು ಆರ್ಕಿಟೆಕ್ಟ್ ಆಫೀಸು. ಇನ್ನೂ ಕಟ್ಟದ ಮನೆಗಳನ್ನು ಫೋಟೋ ಹಿಡಿದಂತೆ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವುದು ಅಲ್ಲಿ ನನ್ನ ಕೆಲಸ. ಹನ್ನೊಂದೂವರೆಗೆ ವಿಜಯನಗರದಿಂದ ಪಾರ್ಟಿ ಬರುತ್ತಾರೆ, ಚಿತ್ರ ಅವರಿಗೆ ಒಪ್ಪಿಗೆಯಾದರೆ ನಿಮ್ಮ ಕೆಲಸ ಖಾಯಂ ಎಂದು ಮೇಡಂ ಹೇಳಿದ್ದರು. ಆಗದಿದ್ದರೆ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಗಾಜಿನ ಅಂಗಡಿಗೆ ವಾಪಸ್ಸು, ಅಷ್ಟೆ. ಅಲ್ಲಿ ಹದಿನಾಲ್ಕು ವರ್ಷ ಗಾಜು ಕೊಯ್ದಿದ್ದೆ, ಮನೆಮನೆಗೆ ಹೊತ್ತು ಕೂರಿಸಿದ್ದೆ. ಪಿಯುಸಿ ಕಟ್ಟಿ ಪಾಸು ಮಾಡಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಕಂಪ್ಯೂಟರ್ ಕಲಿತದ್ದು ಅದಾದ ಮೇಲೆ. ಈಗಲೂ ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತೇನೆ.

ಪಾರ್ಟಿ ಅಂದರೆ ಬ್ಯಾಂಕಿನಿಂದ ರಿಟೈರ್ ಆದ ಯಜಮಾನರು. ಮನೆಯ ಹಿಂದೆ ತುಳಸಿಕಟ್ಟೆ ಇರುವ ಸಣ್ಣ ಅಂಗಳಕ್ಕೆ ಮುಖ ಮಾಡಿ ಒಂದು ಗಾಜಿನ ಕೋಣೆ ಬೇಕಿತ್ತು ಅವರಿಗೆ. ನೆಲದಿಂದ ಸೂರಿನವರೆಗೆ ಎಂಟು ಗಾಜು, ಅದರಲ್ಲಿ ಒಂದು ಅಂಗಳಕ್ಕೆ ಹೋಗುವ ಜಾರುವ ಬಾಗಿಲು. ಕೂತಲ್ಲಿಂದ ನೋಡಿದರೆ ಮಧ್ಯೆ ಗೋಡೆಯೇ ಇಲ್ಲ ಅನ್ನಿಸಬೇಕು, ಅದೇ ಮೇಡಂ ಮಾಡಿದ ಡಿಸೈನಿನ ಹೆಚ್ಚುಗಾರಿಕೆ.

ಗುರುವಾರ ನನ್ನ ಮೊದಲ ಚಿತ್ರ ನೋಡಿ ಮೇಡಂ ಮುಖ ಸಿಂಡರಿಸಿದ್ದರು. ಗಾಜು ಹಾಕೇ ಇಲ್ಲವೇನೋ ಎಂಬಂತಿತ್ತು ಅದು. ತೊಳೆದು ಒರೆಸಿದ ಗಾಜು ಕಣ್ಣಿಗೆ ಕಾಣುವುದಿಲ್ಲ ಎನ್ನುವುದು ನನಗೆ ಗೊತ್ತಿದ್ದ ವಿಷಯವೇ. ಹೊಸ ಸೈಟಿನಲ್ಲಿ ನಾನೇ ಕೂರಿಸಿದ ಗಾಜಿಗೆ ಹಣೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡವನು ನಾನು. ಹಾಗಾಗಿ ಶುಕ್ರವಾರ ಬೇಗ ಬಂದು ಅಂಚಿಗೆ ತೆಳು ಹಸಿರು ಕೊಟ್ಟೆ. ಹಿಡಿಕೆಯ ಪಕ್ಕ ಕೈ ತಾಗಿದ ಮಾಸಲು ಇಟ್ಟೆ. ಒಳಗಿನ ಕುರ್ಚಿಯ ನೆರಳಿನಂಥ ಬಿಂಬ ಮೂಡಿಸಿದೆ. ಈಗ ಗಾಜು ಗಾಜಾಯಿತು.

ಕೆಲಸ ಮಾಡುವಾಗ ಪರದೆಯ ಮೇಲೂ ಎಂಟು ಗಾಜುಗಳಲ್ಲಿ ಯಾವುದು ಮುಗಿದಿದೆ, ಯಾವುದಿಲ್ಲ ಎಂದು ತಿಳಿಯುತ್ತಿರಲಿಲ್ಲ. ಅಂಗಡಿಯ ಅಭ್ಯಾಸ ನೋಡಿ, ಗಾಜು ಕೂರಿಸಿದ ತಕ್ಷಣ ಯಾರೂ ನುಗ್ಗದಿರಲಿ ಅಂತ ಬಿಳಿ ಟೇಪಿನಲ್ಲಿ ದೊಡ್ಡ ಇಂಟು ಮಾರ್ಕು ಹಾಕುತ್ತಿದ್ದೆವು. ಕಂಪ್ಯೂಟರಿನಲ್ಲೂ ಮುಗಿದ ಒಂದೊಂದಕ್ಕೂ ಹಾಗೇ ಹಾಕುತ್ತಾ ಹೋದೆ. ಕೊನೆಗೆ ಎಲ್ಲ ತೆಗೆದು ಹತ್ತೂ ಕಾಲಿಗೆ ರೆಂಡರ್‌ಗೆ ಬಿಟ್ಟೆ. ಬೆಳಕು ಎಲ್ಲಿ ಬಿದ್ದು ಎಲ್ಲಿಗೆ ಚಿಮ್ಮುತ್ತದೆ ಎಂದು ಮೆಷಿನ್ನೇ ಲೆಕ್ಕ ಹಾಕಿಕೊಂಡು ಚಿತ್ರ ಬಿಡಿಸುವ ಕೆಲಸ ಅದು. ಒಂದು ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ.

ಮೊದಮೊದಲು ಪರದೆ ತುಂಬ ಮರಳು ಚೆಲ್ಲಿದಂತೆ ಬರೀ ಚುಕ್ಕೆ. ಹನ್ನೊಂದರ ಹೊತ್ತಿಗೆ ಮರಳು ಇಳಿದು ತುಳಸಿಯ ಎಲೆ ಕಂಡಿತು. ಆಮೇಲೆ ಜಾರುವ ಬಾಗಿಲಿನ ನಟ್ಟನಡುವೆ ಎರಡು ಬಿಳಿ ಗೆರೆ ಮೂಡತೊಡಗಿದವು. ಏಳು ಗಾಜಿನ ಟೇಪು ತೆಗೆದಿದ್ದೆ. ಎಂಟನೆಯದರದ್ದು ಉಳಿದುಬಿಟ್ಟಿತ್ತು.

ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹನ್ನೆರಡು ದಾಟುತ್ತದೆ. ಮುಗಿಯುವವರೆಗೆ ಕಾದು, ಚಿತ್ರದ ಮೇಲೇ ಟೇಪನ್ನು ಅಳಿಸಲು ನೋಡಿದೆ. ಟೇಪಿನ ಜೊತೆ ಹಿಂದಿನ ತುಳಸಿಯೂ ಕಲೆಸಿಹೋಯಿತು. ಅಳಿಸಿದ್ದನ್ನು ವಾಪಸ್ಸು ತಂದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು.

ಮೇಡಂ ಚಿತ್ರವನ್ನು ನೋಡಿದ್ದು ಯಜಮಾನರು ಮತ್ತು ಅವರ ಹೆಂಡತಿಯ ಜೊತೆಗೇ, ಗೋಡೆಯ ದೊಡ್ಡ ಟೀವಿಯಲ್ಲಿ. ಒಂದು ಸಲ ನನ್ನ ಕಡೆ ತಿರುಗಿದರು.

"ಏನ್ರೀ ಇದು, ಗಾಜು ಈಗ್ಲೇ ಸೀಳು ಬಿಟ್ಟಿದ್ಯಾ?" ಎಂದರು ಯಜಮಾನರು.

ಡಿಸೈನಿನ ಭಾಗ ಅಂತಲೋ, ಕಂಪ್ಯೂಟರಿನ ತೊಂದರೆ ಅಂತಲೋ ಹೇಳಬಹುದಿತ್ತು. ನಿಂತುಕೊಂಡು, ತಪ್ಪು ನನ್ನದು ಸಾರ್, ನಾನು ಮೊದಲು ಗಾಜು ಕೂರಿಸುತ್ತಿದ್ದವನು, ಅಲ್ಲಿ ಹೀಗೆ ಟೇಪು ಹಾಕುತ್ತೇವೆ, ತೆಗೆಯಲು ಮರೆತೆ ಎಂದೆ. ಯಾಕೆ ಹಾಕುತ್ತಾರೆ ಎಂದು ಅವರ ಮನೆಯವರು ಕೇಳಿದರು. ಹಣೆಯ ಕಲೆ ತೋರಿಸಿದೆ.

ಆಕೆ ಟೀವಿಯ ಹತ್ತಿರ ಹೋಗಿ ನಿಂತರು. "ಅಲ್ಲಾ ರೀ, ನಿಮ್ಮಮ್ಮಂಗೆ ಎರಡೂ ಕಣ್ಣಲ್ಲಿ ಪೊರೆ. ಬೆಳಿಗ್ಗೆ ಎದ್ದ ತಕ್ಷಣ ಚೊಂಬು ಹಿಡ್ಕೊಂಡು ತುಳಸಿಗೆ ನೀರು ಹಾಕಕ್ಕೆ ಹೋಗ್ತಾರೆ. ಈ ಟೇಪ್ ತೆಗೆದ್ಮೇಲೆ ಅವರಿಗೆ ಏನಪ್ಪಾ ಕಾಣತ್ತೆ?"

ಕೊನೆಯ ಮಾತು ನನಗೆ. ನಾನು ಮೇಡಂ ಮುಖ ನೋಡಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಏನೂ ಕಾಣಲ್ಲಮ್ಮ ಎಂದೆ.

ಯಜಮಾನರೂ ಎದ್ದು ಹೆಂಡತಿಯ ಪಕ್ಕ ಬಂದು ನಿಂತರು. ಆಮೇಲೆ ಎದೆಯ ಮಟ್ಟಕ್ಕೆ ಅಡ್ಡಲಾಗಿ, ಎಂಟೂ ಗಾಜಿಗೆ ಒಂದು ಗೇಣಗಲ ಮಬ್ಬು ಪಟ್ಟಿ ಹಾಕಿ ತೋರಿಸಿ, ಸಂಜೆ ಬಂದು ನೋಡುತ್ತೇವೆ ಎಂದರು. ಗೋಡೆಯೇ ಇಲ್ಲ ಅನ್ನಿಸಬೇಕೆಂಬ ಮೇಡಂ ಆಸೆ ಅಲ್ಲಿಗೆ ಮುಗಿಯಿತು.

ಅವರು ಹೋದ ಮೇಲೆ ಮೇಡಂ ನನ್ನ ಟೇಬಲ್ಲಿಗೆ ಬಂದರು. "ನೀವು ಇನ್ನೂ ಆ ಅಂಗಡಿ ಬಿಟ್ಟಿಲ್ಲ ಬಿಡಿ," ಎಂದರು. ಬೈದದ್ದೋ ಅಲ್ಲವೋ ತಿಳಿಯಲಿಲ್ಲ. ಪಟ್ಟಿ ಹಾಕಿದ ಚಿತ್ರವನ್ನು ನಾಲ್ಕಕ್ಕೆ ಮುಗಿಸಿದೆ. ಸಂಜೆ ಗಂಡ ಹೆಂಡತಿ ಇಬ್ಬರೂ ನೋಡಿ ಒಪ್ಪಿದರು. ನನ್ನ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ.

ಸೋಮವಾರ ಎಂದಿನಂತೆ ಟ್ರಯಲ್‌ನವರ ನೋಟ್‌ಬುಕ್ಕಿನಲ್ಲಿ ಸಹಿ ಹಾಕಲು ಹೋದರೆ, ರಿಸೆಪ್ಷನ್ನಿನ ಹುಡುಗಿ ಪುಸ್ತಕ ಮುಚ್ಚಿ ಹಾಜರಿ ಮೆಷಿನ್ನಿನ ಕಡೆ ಕೈ ತೋರಿಸಿದಳು. ಖಾಯಂನವರು ಮಾತ್ರ ಅದರಲ್ಲಿ ಬೆರಳು ಒತ್ತುತ್ತಿದ್ದರು. ಬೆರಳಚ್ಚು ದಾಖಲಿಸಲು ನಾನು ಹೆಬ್ಬೆರಳು ಒತ್ತಿದೆ. ಹದಿನಾಲ್ಕು ವರ್ಷ ಗಾಜಿನ ಅಂಚು ಹಿಡಿದು ಅದರ ಗೆರೆಗಳೆಲ್ಲ ಸವೆದಿದ್ದವು, ಮೆಷಿನ್ ಓದಲಿಲ್ಲ. ತೋರುಬೆರಳೂ ಆಗಲಿಲ್ಲ. ಹಿಂದೆ ನಾಲ್ಕು ಜನ ನಿಂತಿದ್ದರು.

"ಎಡಗೈ ಕಿರುಬೆರಳು ಇಟ್ ನೋಡಿ ಸಾರ್," ಎಂದಳು ಅವಳು.

ಅದನ್ನು ಮೆಷಿನ್ ತೆಗೆದುಕೊಂಡಿತು. ಇವತ್ತಿಗೂ ಅದೇ ಬೆರಳು ಒತ್ತುತ್ತೇನೆ.